ಮೊದಲು ಗಿಡ, ಆಮೇಲೆ ಹುಳ: ಚರ್ಚಿನ ಅಂಗಳದಲ್ಲಿ ನನ್ನ ಅನುಭವ

ಹುಳದ ಹೆಸರು ತಿಳಿಯದಿದ್ದರೆ ಅದು ಕೂತ ಗಿಡ ಯಾವುದು ಅಂತ ನೋಡಬೇಕು. ಧಾರವಾಡದ ನಮ್ಮ ಚರ್ಚಿನ ಸಮಾಧಿ ಅಂಗಳದಲ್ಲಿ ನಾನು ಕಲಿತದ್ದು ಹೀಗೆಯೇ. ರೆಕ್ಕೆ ಇದ್ದದ್ದು ಹಾರಿಹೋಗುತ್ತದೆ, ಗಿಡವನ್ನಾದರೆ ಸಾವಕಾಶ ನೋಡಬಹುದು.

ಮಾರ್ಚ್ ಮುಗಿಯುವ ಹೊತ್ತಿಗೆ ಹುಲ್ಲೆಲ್ಲ ಒಣಗಿ, ಗೋಡೆಗುಂಟ ಎಕ್ಕಿಯಷ್ಟೇ ಹಸಿರಾಗಿರುತ್ತದೆ. ಬಿಸಿಲೇರುವ ಮುಂಚೆ ನೇರ ಅಲ್ಲಿಗೇ ಹೋಗುತ್ತೇನೆ. ಹೂವಿನ ಎಸಳು ಅಗಲಕ್ಕೆ ಬಿಚ್ಚಿಕೊಂಡಿದ್ದರೆ ಅದು ಕ್ಯಾಲೊಟ್ರೋಪಿಸ್ ಜೈಗ್ಯಾಂಟಿಯಾ ಎಂಬ ಜಾತಿಯ ಎಕ್ಕಿ; ಎಸಳು ನೆಟ್ಟಗೆ ನಿಂತು ತುದಿಯಲ್ಲಿ ಗಾಢ ನೇರಳೆ ಇದ್ದರೆ ಪ್ರೊಸೆರಾ ಎಂಬ ಇನ್ನೊಂದು ಜಾತಿ. ನಮ್ಮಲ್ಲಿರುವುದು ಮೊದಲನೆಯದು. ಎಲೆಯನ್ನು ಕಡ್ಡಿಯಿಂದಲೇ ಮಗುಚಿ. ಎಕ್ಕಿ ಹಾಲು ಕಣ್ಣಿಗೆ ಬಹಳ ಅಪಾಯ.

ಎಲೆಯಡಿ ಕಪ್ಪು-ಬಿಳಿ ಪಟ್ಟೆಯ, ಹಳದಿ ಗುರುತಿನ ನುಣುಪು ಹುಳ ಸಿಕ್ಕರೆ ಬೆನ್ನಿನಿಂದೆದ್ದ ಕಪ್ಪು ಎಳೆಗಳನ್ನು ಎಣಿಸುತ್ತೇನೆ. ಮೂರು ಜೋಡಿ ಇದ್ದರೆ ಪ್ಲೇನ್ ಟೈಗರ್ ಪಾತರಗಿತ್ತಿಯ ಮರಿ, ಎರಡೇ ಇದ್ದರೆ ಬ್ಲೂ ಟೈಗರಿನದು. ಎಷ್ಟು ಸಲ ನೋಡಿದರೂ ಈ ಎಣಿಕೆಯ ಖುಷಿ ನನಗೆ ಕಡಿಮೆಯಾಗಿಲ್ಲ.

ಎಕ್ಕಿಯ ವಿಷ ಮೈಗೂಡಿಸಿಕೊಂಡ ಪ್ಲೇನ್ ಟೈಗರನ್ನು ಹಕ್ಕಿಗಳು ಮುಟ್ಟುವುದಿಲ್ಲ. ಅದಕ್ಕೇ ಡೆನೈಡ್ ಎಗ್‌ಫ್ಲೈ ಎಂಬ ಪಾತರಗಿತ್ತಿಯ ಹೆಣ್ಣು ಅದರದೇ ವೇಷ ತೊಟ್ಟಿದೆ. ಹಿಂದಿನ ರೆಕ್ಕೆಯ ನಡುವೆ ಮೂರೋ ನಾಲ್ಕೋ ಕಪ್ಪು ಚುಕ್ಕೆ ಇದ್ದರೆ ಪ್ಲೇನ್ ಟೈಗರ್; ವೇಷದವಳಿಗೆ ಆ ಚುಕ್ಕೆಗಳಿಲ್ಲ. ಚುಕ್ಕೆ ಕಾಣುವಷ್ಟು ಹತ್ತಿರ ಬಿಡದಿದ್ದರೆ ಎಲ್ಲಿ ತತ್ತಿ ಇಡುತ್ತದೆಂದು ಕಾಯುತ್ತೇನೆ. ನಲ್ಲಿಯ ಹಸಿಯಲ್ಲಿ ಹಬ್ಬಿದ ಗೋಳಿ ಸೊಪ್ಪಿಗೆ ಇಳಿದರೆ ಎಗ್‌ಫ್ಲೈಯೇ.

ಈಸ್ಟರಿಗೆ ಮುಂಚೆ ಸಮಾಧಿಗಳ ಸುತ್ತ ಸ್ವಚ್ಛ ಮಾಡುತ್ತಾರೆ. "ಅಕ್ಕಾರ, ಈ ಎಕ್ಕಿ ಕಡದ ಒಗೀಲೇನ್ರಿ?" ಅಂದರು ಅಂಗಳ ನೋಡಿಕೊಳ್ಳುವವರು. ಕರೆದು ಎಲೆಯಡಿಯ ಹುಳ ತೋರಿಸಿದೆ. "ಹಂಗಾರ ಗ್ವಾಡೀ ಕಡೇದು ಇರ್ಲಿ ಬಿಡ್ರಿ" ಅಂದರು.

ಕಾಂಗ್ರೆಸ್ ಕಸ ಕೀಳಲು ನನ್ನ ಅಡ್ಡಿಯೇನಿಲ್ಲ, ಅದರಿಂದ ಎಷ್ಟೋ ಜನರಿಗೆ ಮೈ ತುರಿಕೆ. ಆದರೆ ಮಳೆ ಬಿದ್ದ ಮೇಲೆ ಅದರ ಎಲೆ ಜಾಲರಿಯಾಗಿದ್ದರೆ, ತಿಂದವರನ್ನು ಹುಡುಕಿ ನೋಡಿ. ಮಾಸಲು ಬಿಳಿ ಬೆನ್ನಿಗೆ ಕಂದು ಗೆರೆಯ ಸಣ್ಣ ದುಂಬಿ, ಜೈಗೊಗ್ರಾಮಾ. ಈ ಕಳೆ ತಿನ್ನಲೆಂದೇ ಮೆಕ್ಸಿಕೊದಿಂದ ತರಿಸಿ, 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟದ್ದು. ಬೇಸಿಗೆಯಲ್ಲಿ ಮಣ್ಣೊಳಗೆ ಅಡಗಿರುತ್ತದೆ, ಹಾಗಾಗಿ ಏಪ್ರಿಲ್‌ನ ಒಣ ದಿನಗಳಲ್ಲಿ ಹುಡುಕಿ ದಣಿಯಬೇಡಿ.