ಮಳೆಗಾಲಕ್ಕೆ ಕೊರಿಯನ್ ಥ್ರಿಲ್ಲರ್, ಫ್ಯಾಂಟಸಿ: ಯಾವುದನ್ನು, ಹೇಗೆ ನೋಡಬೇಕು

ಕೊರಿಯನ್ ಸರಣಿ ಹಾಕಿಕೊಂಡು ಕೂತವರಲ್ಲಿ ಸುಮಾರು ಜನ ಎರಡನೇ ಕಂತಿಗೇ ಎದ್ದುಬಿಡುತ್ತಾರೆ. ಹೆಸರು ನೆನಪಿರುವುದಿಲ್ಲ, ಕಥೆ ತೆವಳುತ್ತದೆ, ಯಾರು ಯಾಕೆ ಗಾಬರಿಯಾಗುತ್ತಿದ್ದಾರೆ ಅಂತಲೇ ಗೊತ್ತಾಗುವುದಿಲ್ಲ ಅನ್ನುವುದು ಅವರ ದೂರು. ಕೊನೆಯ ದೂರಿನಲ್ಲೇ ಉಳಿದ ಎರಡರ ಬೇರೂ ಇದೆ. ಈ ಸರಣಿಗಳು ನಿಂತಿರುವುದು ಕಟ್ಟಳೆಗಳ ಮೇಲೆ. ಥ್ರಿಲ್ಲರ್ ಆದರೆ ಅಲ್ಲಿನ ಕಾನೂನಿನ ಕಟ್ಟಳೆ, ಫ್ಯಾಂಟಸಿ ಆದರೆ ಅಲ್ಲಿನ ಪರಲೋಕದ ಕಟ್ಟಳೆ. ಕೊರಿಯಾದವರಿಗೆ ಇವೆಲ್ಲ ಹುಟ್ಟಿನಿಂದ ಗೊತ್ತು, ಹಾಗಾಗಿ ತೆರೆಯ ಮೇಲೆ ಯಾರೂ ವಿವರಿಸುವುದಿಲ್ಲ. ನಾವು ಮೊದಲೇ ತಿಳಿದುಕೊಂಡು ಕೂರಬೇಕು.

ಕರೆಂಟ್, ನೆಟ್, ಮಳೆಯ ಸದ್ದು

ಕೊಡಗಿನಲ್ಲಿ ಇಂಥದ್ದಕ್ಕೆ ಪುರುಸೊತ್ತು ಸಿಗುವುದು ಜೂನ್‌ನಿಂದ ಸೆಪ್ಟೆಂಬರ್ ತನಕ. ಕಾಫಿ ಕೊಯ್ಲು ಶುರುವಾದರೆ ಮಾರ್ಚ್‌ವರೆಗೆ ತಲೆ ಎತ್ತುವಂತಿಲ್ಲ. ಆದರೆ ಮರ ಬಿದ್ದು ಲೈನ್ ಹೋಗುವುದೂ ಅದೇ ತಿಂಗಳುಗಳಲ್ಲಿ. ಕರೆಂಟ್ ಹೋಗಿ ಟವರಿನ ಬ್ಯಾಟರಿಯೂ ಮುಗಿದರೆ ಮೊಬೈಲ್ ನೆಟ್ ಕೂಡ ಸತ್ತುಹೋಗುತ್ತದೆ. ಹಾಗಾಗಿ ಸ್ಟ್ರೀಮಿಂಗ್ ನಂಬಿ ಕೂರಬೇಡಿ, ಡೌನ್‌ಲೋಡ್ ಮಾಡಿಟ್ಟುಕೊಳ್ಳಿ.

ಲೆಕ್ಕ ಸುಲಭ. ಟಿವಿಯಲ್ಲಿ ಬಂದ ಸರಣಿಗೆ ಸಾಮಾನ್ಯವಾಗಿ 16 ಕಂತು, ಕಂತಿಗೆ 60ರಿಂದ 70 ನಿಮಿಷ. ಒಟ್ಟು ಸುಮಾರು 17 ಗಂಟೆ. ನೆಟ್‌ಫ್ಲಿಕ್ಸ್ ಕೊಡುವ ಲೆಕ್ಕದಂತೆ ಕಡಿಮೆ ಗುಣಮಟ್ಟದಲ್ಲಿ ಗಂಟೆಗೆ 0.3 ಜಿಬಿ, ಮಧ್ಯಮದಲ್ಲಿ 0.7 ಜಿಬಿ, ಎಚ್‌ಡಿಯಲ್ಲಿ 3 ಜಿಬಿವರೆಗೆ ಹೋಗುತ್ತದೆ. ಅಂದರೆ ಇಡೀ ಸರಣಿಗೆ 5 ಜಿಬಿಯೂ ಆಗಬಹುದು, 12 ಜಿಬಿಯೂ ಆಗಬಹುದು, 50 ಜಿಬಿಯನ್ನೂ ಮುಟ್ಟಬಹುದು. ದಿನಕ್ಕೆ 1.5 ಜಿಬಿ ಪ್ಯಾಕ್ ಇರುವವರು ಗಂಟೆಗೆ 0.7 ಜಿಬಿಯ ಲೆಕ್ಕದಲ್ಲಿ ದಿನಕ್ಕೆ ಎರಡು ಗಂಟೆಯಷ್ಟು ಇಳಿಸಿಕೊಳ್ಳಬಹುದು. ಆದರೆ ರಾತ್ರಿಯ ದೃಶ್ಯಗಳೇ ತುಂಬಿರುವ ಸರಣಿಯನ್ನು ಕಡಿಮೆ ಗುಣಮಟ್ಟದಲ್ಲಿ ಇಳಿಸಬೇಡಿ. ಕತ್ತಲೆಯ ಜಾಗವೆಲ್ಲ ಚೌಕ ಚೌಕವಾಗಿ ಒಡೆದು ಕಾಣುತ್ತದೆ, ಮೂಲೆಯಲ್ಲಿ ನಿಂತವನು ಕಾಣುವುದೇ ಇಲ್ಲ. ‘ಕಿಂಗ್‌ಡಮ್’ ಅಂಥದ್ದು, ಅದಕ್ಕೆ ಡೌನ್‌ಲೋಡ್ ಗುಣಮಟ್ಟ ‘ಹೈ’ ಇರಲಿ.

ಡೌನ್‌ಲೋಡ್‌ಗೆ ವಾಯಿದೆ ಇರುತ್ತದೆ ಅನ್ನುವುದನ್ನು ಮರೆಯಬೇಡಿ. ಕೆಲವು ಕಂತುಗಳು ಒಮ್ಮೆ ಪ್ಲೇ ಮಾಡಿದ 48 ಗಂಟೆಗೆ ಮುಗಿದುಹೋಗುತ್ತವೆ. ಹೇಗೆ ಬಂದಿದೆ ನೋಡೋಣ ಅಂತ ಎಲ್ಲ ಕಂತನ್ನೂ ಎರಡೆರಡು ನಿಮಿಷ ತೆರೆದು ನೋಡಿದರೆ ಎಲ್ಲದರ ಗಡಿಯಾರವೂ ಒಟ್ಟಿಗೇ ಶುರುವಾಗುತ್ತದೆ. ಒಂದನ್ನು ಮಾತ್ರ ತೆರೆದು ಪರೀಕ್ಷಿಸಿ.

ವೈಫೈ ರೌಟರ್‌ಗೆ ಮಿನಿ ಯುಪಿಎಸ್ ತರುವವರು ಅಡಾಪ್ಟರಿನ ಮೇಲೆ ಬರೆದಿರುವ ವೋಲ್ಟ್ ಮೊದಲು ನೋಡಿ. ಹೆಚ್ಚಿನವು 12 ವೋಲ್ಟ್, ಕೆಲವು 9. ಒಂಬತ್ತರ ರೌಟರ್‌ಗೆ ಹನ್ನೆರಡು ಕೊಟ್ಟರೆ ಸುಟ್ಟುಹೋಗಬಹುದು. ಮನೆಯ ಮಾಡು ಶೀಟಿನದಾದರೆ ಕಕ್ಕಡ ತಿಂಗಳ ಜೋರು ಮಳೆಗೆ ಟಿವಿಯ ಸದ್ದು ಕೇಳುವುದಿಲ್ಲ. ಥ್ರಿಲ್ಲರಿನಲ್ಲಿ ಅರ್ಧ ವಿಷಯ ಪಿಸುಮಾತಿನಲ್ಲೇ ಇರುವುದರಿಂದ ಇಯರ್‌ಫೋನ್ ಬೇಕೇ ಬೇಕು.

ಸಬ್‌ಟೈಟಲ್ ಮತ್ತು ಹೆಸರು

ಕನ್ನಡ ಡಬ್ಬಿಂಗ್ ಸಿಗುವುದು ಅಪರೂಪ. ಆಡಿಯೋ ಕೊರಿಯನ್‌ನಲ್ಲೇ ಇಟ್ಟು ಇಂಗ್ಲಿಷ್ ಸಬ್‌ಟೈಟಲ್ ಹಾಕಿಕೊಳ್ಳುವುದೇ ಒಳ್ಳೆಯದು. ಪಟ್ಟಿಯಲ್ಲಿ ‘ಇಂಗ್ಲಿಷ್’ ಮತ್ತು ‘ಇಂಗ್ಲಿಷ್ ಸಿಸಿ’ ಎರಡೂ ಕಂಡರೆ ಬರೀ ‘ಇಂಗ್ಲಿಷ್’ ಒತ್ತಿ. ಸಿಸಿ ಸಾಮಾನ್ಯವಾಗಿ ಇಂಗ್ಲಿಷ್ ಡಬ್ಬಿಂಗಿಗೆ ಬರೆದದ್ದು. ಅಲ್ಲಿ ತುಟಿಯ ಅಲುಗಾಟಕ್ಕೆ ಹೊಂದಿಸಲು ಮಾತನ್ನೇ ಬದಲಿಸಿರುತ್ತಾರೆ, ಸುಳಿವೂ ಅದರ ಜೊತೆಗೇ ಹೋಗುತ್ತದೆ. ಟೆಲಿಗ್ರಾಂನಲ್ಲಿ ಹರಿದಾಡುವ ಕಾಪಿಗಳ ಸಬ್‌ಟೈಟಲ್ ಮಾತಿಗಿಂತ ಎರಡು ಸೆಕೆಂಡ್ ಹಿಂದೋ ಮುಂದೋ ಓಡುತ್ತಿರುತ್ತದೆ. ವಿಚಾರಣೆಯ ದೃಶ್ಯದಲ್ಲಿ ಯಾರು ಯಾವ ಮಾತು ಆಡಿದರು ಅನ್ನುವುದೇ ತಲೆಕೆಳಗಾಗುತ್ತದೆ. ಅವುಗಳ ತಂಟೆಗೆ ಹೋಗಬೇಡಿ.

ಹೆಸರಿನ ವಿಚಾರದಲ್ಲಿ ಕೊಡಗಿನವರಿಗೆ ಕಷ್ಟವಾಗಬಾರದು. ಕೊಡಂದೇರ ಮಾದಪ್ಪ ಕಾರ್ಯಪ್ಪ ಅನ್ನುವಾಗ ಒಕ್ಕದ ಹೆಸರು ಮೊದಲು ಬರುವಂತೆ ಅಲ್ಲೂ ಮನೆತನದ ಹೆಸರೇ ಮೊದಲು. ಆದರೆ ಅಲ್ಲಿ ಒಕ್ಕಗಳು ಕಡಿಮೆ, ಕಿಮ್, ಲೀ, ಪಾರ್ಕ್ ಎಲ್ಲೆಲ್ಲೂ ಇದ್ದಾರೆ. ಮೊದಲ ಪದ ಬಿಟ್ಟು ಉಳಿದದ್ದನ್ನು ನೆನಪಿಡಿ. ಕಚೇರಿಯಲ್ಲಿ ಹೆಸರು ಹಿಡಿದು ಕರೆಯುವುದು ಕಡಿಮೆ, ಹುದ್ದೆಯಿಂದ ಕರೆಯುತ್ತಾರೆ: ಪ್ರಾಸಿಕ್ಯೂಟರ್‌ಗೆ ‘ಗೊಮ್ಸಾನಿಮ್’, ತಂಡದ ಮುಖ್ಯಸ್ಥರಿಗೆ ‘ತಿಮ್‌ಜಾಂಗ್‌ನಿಮ್’. ಮೊದಲ ಎರಡು ಕಂತಿನಲ್ಲಿ ಒಂದು ಚೀಟಿಯಲ್ಲಿ ಐದಾರು ಹೆಸರು, ಹುದ್ದೆ, ಯಾರ ಕೈಕೆಳಗೆ ಯಾರು ಅಂತ ಬರೆದುಕೊಂಡರೆ ಮೂರನೇ ಕಂತಿನಿಂದ ಚೀಟಿಯೇ ಬೇಡ.

ಥ್ರಿಲ್ಲರ್‌ಗೆ ಮುನ್ನ ತಿಳಿದಿರಬೇಕಾದ ಕಾನೂನು

ಮೊದಲನೆಯದು ಕಾಲಮಿತಿ. ನಮ್ಮಲ್ಲಿ ಕೊಲೆ ಕೇಸಿಗೆ ಕಾಲಮಿತಿ ಇಲ್ಲ, ಮೂವತ್ತು ವರ್ಷ ಕಳೆದು ಸಿಕ್ಕಿಬಿದ್ದರೂ ಕೋರ್ಟಿಗೆ ಎಳೆಯಬಹುದು. ದಕ್ಷಿಣ ಕೊರಿಯಾದಲ್ಲಿ ಕೊಲೆಗೂ 15 ವರ್ಷದ ಮಿತಿ ಇತ್ತು. 2007ರಲ್ಲಿ ಅದನ್ನು 25 ವರ್ಷಕ್ಕೆ ಏರಿಸಿದರು, ಆದರೆ ಅದಕ್ಕೂ ಹಿಂದಿನ ಕೊಲೆಗಳಿಗೆ 15 ವರ್ಷವೇ ಉಳಿಯಿತು. 2015ರಲ್ಲಿ ಕೊಲೆಯ ಮಟ್ಟಿಗೆ ತೆಗೆದೇ ಹಾಕಿದರು. ಆದರೆ ಅಷ್ಟರೊಳಗೆ ಮಿತಿ ಮುಗಿದಿದ್ದ ಕೇಸುಗಳು ಮುಗಿದವೇ. 1986ರಿಂದ 1991ರವರೆಗೆ ಹ್ವಾಸಂಗ್‌ನಲ್ಲಿ ನಡೆದ ಸರಣಿ ಕೊಲೆಗಳ ಕೊನೆಯ ಕೇಸಿನ ಮಿತಿ 2006ರಲ್ಲಿ ತೀರಿತ್ತು. ಡಿಎನ್‌ಎ ಮೂಲಕ ಕೊಲೆಗಾರ ಗೊತ್ತಾಗಿದ್ದು 2019ರಲ್ಲಿ. ಬೇರೊಂದು ಕೊಲೆಗೆ ಅವನು ಆಗಲೇ ಜೀವಾವಧಿ ಶಿಕ್ಷೆಯಲ್ಲಿದ್ದ, ಆದರೆ ಈ ಕೊಲೆಗಳಿಗಾಗಿ ಅವನ ಮೇಲೆ ಕೇಸು ಹಾಕಲು ಆಗಲೇ ಇಲ್ಲ.

ಇಷ್ಟು ಗೊತ್ತಿದ್ದರೆ ‘ಸಿಗ್ನಲ್’ (2016, 16 ಕಂತು) ನೋಡುವ ರೀತಿಯೇ ಬದಲಾಗುತ್ತದೆ. ಮೊದಲ ಕಂತಿನಲ್ಲಿ 2000ದಲ್ಲಿ ಅಪಹರಣವಾದ ಹುಡುಗಿಯ ಕೇಸಿಗೆ 15 ವರ್ಷ ತುಂಬಲು ಕೆಲವೇ ಗಂಟೆ ಉಳಿದಿರುತ್ತದೆ. ಪೊಲೀಸರು ಗೋಡೆಯ ಗಡಿಯಾರ ನೋಡುವುದು ಸುಮ್ಮನೆ ಬಿಗುವಿಗಲ್ಲ. ಮುಳ್ಳು ಹನ್ನೆರಡು ದಾಟಿದರೆ ಎದುರಿಗೆ ಕೂತ ಆರೋಪಿ ಎದ್ದು ಮನೆಗೆ ಹೋಗಬಹುದು. ಅದರಲ್ಲಿ ಬರುವ ಹಳೆಯ ವಾಕಿಟಾಕಿಯನ್ನೂ ಗಮನಿಸಿ. ಒಳಗೆ ಬ್ಯಾಟರಿ ಇಲ್ಲ, ಆದರೂ ರಾತ್ರಿ 11 ಗಂಟೆ 23 ನಿಮಿಷಕ್ಕೆ ದೀಪ ಹತ್ತಿ ಹಿಂದಿನ ಕಾಲದ ಪೊಲೀಸನೊಬ್ಬನ ದನಿ ಕೇಳುತ್ತದೆ. ಹಿಂದಿನ ಕಾಲದಲ್ಲಿ ಏನಾದರೂ ಬದಲಿಸಿದರೆ ಇಂದಿನ ಫೈಲಿನ ಅಕ್ಷರವೂ ಬದಲಾಗುತ್ತದೆ, ಆ ಬದಲಾವಣೆಗೆ ಬೆಲೆಯನ್ನು ಯಾರೋ ತೆರುತ್ತಾರೆ. ಪ್ರತಿ ಕೇಸ್ ಮುಗಿದಾಗಲೂ ನಿಲ್ಲಿಸಿ, ಯಾವ ವರ್ಷ, ಏನು ಬದಲಾಯಿತು ಅಂತ ಒಂದು ಸಾಲು ಬರೆದುಕೊಳ್ಳಿ. ಇಲ್ಲದಿದ್ದರೆ ಹತ್ತನೇ ಕಂತಿನ ಹೊತ್ತಿಗೆ ಗೋಜಲಾಗುತ್ತದೆ.

ಎರಡನೆಯದು ಪ್ರಾಸಿಕ್ಯೂಟರ್. ನಮ್ಮಲ್ಲಿ ಪೊಲೀಸರು ತನಿಖೆ ಮಾಡುತ್ತಾರೆ, ಸರ್ಕಾರಿ ಅಭಿಯೋಜಕರು ಕೋರ್ಟಿನಲ್ಲಿ ವಾದಿಸುತ್ತಾರೆ. ಕೊರಿಯಾದಲ್ಲಿ ಪ್ರಾಸಿಕ್ಯೂಟರ್ ತಾನೇ ತನಿಖೆ ಮಾಡಬಹುದಿತ್ತು, ಪೊಲೀಸರಿಗೆ ಆದೇಶವನ್ನೂ ಕೊಡಬಹುದಿತ್ತು, ಕೇಸು ಹಾಕುವ ಅಧಿಕಾರವೂ ಅವನದೇ. 2021ರಿಂದ ಪೊಲೀಸರಿಗೆ ಸ್ವತಂತ್ರ ಅಧಿಕಾರ ಹೆಚ್ಚಿತು. ‘ಸ್ಟ್ರೇಂಜರ್’ನಲ್ಲಿ (2017, 16 ಕಂತು) ಹ್ವಾಂಗ್ ಶಿಮೊಕ್ ಎಂಬ ಪ್ರಾಸಿಕ್ಯೂಟರ್ ಶವದ ಪಕ್ಕ ನಿಂತು ಆಜ್ಞೆ ಮಾಡುವುದು, ಹಾನ್ ಯೊಜಿನ್ ಎಂಬ ಪೊಲೀಸ್ ಅಧಿಕಾರಿ ಅದಕ್ಕೆ ಹುಬ್ಬು ಗಂಟಿಕ್ಕುವುದು ಇದಕ್ಕೇ. 2020ರ ಎರಡನೇ ಭಾಗದ ಕಥೆಯೇ ಈ ಎರಡು ಇಲಾಖೆಗಳ ಅಧಿಕಾರದ ಜಗ್ಗಾಟ. ಆ ಜಗ್ಗಾಟ ಗೊತ್ತಿಲ್ಲದೆ ನೋಡಿದವರು ಎರಡನೇ ಭಾಗ ಬೋರು ಅನ್ನುತ್ತಾರೆ. ನಮ್ಮ ಪ್ರಕಾರ ಕೊರಿಯನ್ ಥ್ರಿಲ್ಲರ್‌ಗಳಲ್ಲಿ ಅತಿ ಬಿಗಿಯಾಗಿ ಬರೆದದ್ದು ಇದರ ಮೊದಲ ಭಾಗವೇ. ಗುಂಡಿನ ಸದ್ದಿಲ್ಲ, ಚೇಸಿಂಗ್ ಕಡಿಮೆ, ಊಟದ ಮೇಜಿನ ಮುಂದೆ ನಡೆಯುವ ಮಾತಿನಲ್ಲೇ ಉಸಿರು ಕಟ್ಟುತ್ತದೆ.

ಸಣ್ಣದೊಂದು ವಿಷಯ: ಚಾಕು, ಸಿಗರೇಟು ಮಸುಕಾಗಿ ಕಂಡರೆ ಪ್ರಿಂಟ್ ಕೆಟ್ಟಿದೆ ಅಂದುಕೊಳ್ಳಬೇಡಿ. ಅಲ್ಲಿನ ಟಿವಿ ವಾಹಿನಿಗಳು ಅವನ್ನು ಹಾಗೆ ಮಸುಕು ಮಾಡಿಯೇ ತೋರಿಸುತ್ತವೆ.

ಸಣ್ಣ ಊರಿನವರಿಗೆ ನಾಟುವ ಸರಣಿ ಬೇಕಾದರೆ ‘ಬಿಯಾಂಡ್ ಈವಿಲ್’ (2021, 16 ಕಂತು). ಮನ್ಯಾಂಗ್ ಎಂಬ ಕಲ್ಪಿತ ಊರು, ಎಲ್ಲರಿಗೂ ಎಲ್ಲರೂ ಗೊತ್ತು, ಇಪ್ಪತ್ತು ವರ್ಷದ ಹಿಂದೆ ಕಾಣೆಯಾದ ಹುಡುಗಿಯ ಬಗ್ಗೆ ಎಲ್ಲರೂ ಏನೋ ಒಂದನ್ನು ನುಂಗಿಕೊಂಡಿದ್ದಾರೆ. ಊರಿನ ಮಾಂಸದ ಅಂಗಡಿಯಲ್ಲಿ ಸಂಜೆ ಸೇರಿ ಕುಡಿಯುವ ದೃಶ್ಯಗಳನ್ನು ಓಡಿಸಬೇಡಿ. ಕೊರಿಯಾದಲ್ಲಿ ಹಿರಿಯರಿಗೆ ಎರಡು ಕೈಯಲ್ಲಿ ಸುರಿಯಬೇಕು, ಕಿರಿಯರು ಮುಖ ಪಕ್ಕಕ್ಕೆ ತಿರುಗಿಸಿ ಕುಡಿಯಬೇಕು. ಯಾರು ಯಾರಿಗೆ ಸುರಿದರು, ಯಾರು ಮುಖ ತಿರುಗಿಸಲಿಲ್ಲ, ಯಾರ ಲೋಟ ಖಾಲಿ ಉಳಿಯಿತು ಅನ್ನುವುದರಲ್ಲಿ ಆ ಊರಿನ ಒಳಜಗಳ ಪೂರ್ತಿ ಕಾಣುತ್ತದೆ.

ಫ್ಯಾಂಟಸಿಗೆ ಬೇಕಾದ ಪರಲೋಕದ ಲೆಕ್ಕ

ಈ ಸರಣಿಗಳಲ್ಲಿ ಬರುವ ಕರಿ ಉಡುಪಿನವರು ಜೊಸುಂಗ್ ಸಾಜಾ. ಇವರು ಕೊಲ್ಲುವವರಲ್ಲ, ಕರೆದೊಯ್ಯುವವರು, ಯಮದೂತರ ಹಾಗೆ. ಗುಮಿಹೊ ಎಂದರೆ ಒಂಬತ್ತು ಬಾಲದ ನರಿ, ಮನುಷ್ಯ ರೂಪ ತಾಳಬಲ್ಲದು. ದೊಕ್ಕೆಬಿ, ಅಂದರೆ ಇಂಗ್ಲಿಷ್‌ನವರು ‘ಗಾಬ್ಲಿನ್’ ಅನ್ನುವ ಭೂತ, ಸತ್ತವರ ಪ್ರೇತವಲ್ಲ. ಹಳೆಯ ಪೊರಕೆಯಂಥ ವಸ್ತುವಿನಿಂದ ಅದು ಹುಟ್ಟುತ್ತದೆ ಎನ್ನುವುದು ಅಲ್ಲಿನ ಜನಪದ ನಂಬಿಕೆ, ಹುರುಳಿಗೋಧಿಯ (ಬಕ್‌ವೀಟ್) ತಿಂಡಿ ಅಂದರೆ ಅದಕ್ಕೆ ಪ್ರಾಣ. ‘ಗಾಬ್ಲಿನ್’ (2016-17, 16 ಕಂತು) ಇದನ್ನು ಬದಲಿಸಿ, ಎದೆಯಲ್ಲಿ ಕತ್ತಿ ನಾಟಿಕೊಂಡ ಗೊರ್ಯೊ ರಾಜವಂಶದ ಕಾಲದ ಸೇನಾನಿಯನ್ನೇ ದೊಕ್ಕೆಬಿ ಮಾಡಿದೆ. ಆದರೂ ಹುರುಳಿಗೋಧಿಯ ಹೂ ಅದರಲ್ಲಿ ಬರುತ್ತದೆ. ಸರಣಿ ಹುಡುಕುವಾಗ ‘ಗಾರ್ಡಿಯನ್: ದ ಲೋನ್ಲಿ ಅಂಡ್ ಗ್ರೇಟ್ ಗಾಡ್’ ಅಂತ ಟೈಪ್ ಮಾಡಿ, ಕೆಲವು ಕಡೆ ಆ ಹೆಸರಲ್ಲೇ ಇರುತ್ತದೆ.

ಸತ್ತ ಮೇಲೆ 49 ದಿನ ಎನ್ನುವ ಲೆಕ್ಕ ಮತ್ತೆ ಮತ್ತೆ ಬರುತ್ತದೆ. ಇದು ಬೌದ್ಧರದು. ಕುಶಾಲನಗರದ ಪಕ್ಕದ ಬೈಲಕುಪ್ಪೆಯ ಟಿಬೆಟನ್ನರೂ 49 ದಿನಗಳನ್ನೇ ಆಚರಿಸುತ್ತಾರೆ. ನಮ್ಮ ಮಾದ, ತಿಥಿಗಳ ಲೆಕ್ಕ ಬೇರೆ. ದಾಟಬೇಕಾದ ನದಿ ಸಾಮ್‌ದೊಚೊನ್, ನಮ್ಮ ವೈತರಣಿಯ ಜಾಗದಲ್ಲಿ. ‘ಹೋಟೆಲ್ ಡೆಲ್ ಲೂನಾ’ (2019, 16 ಕಂತು) ಇವುಗಳ ಮೇಲೇ ನಿಂತಿದೆ: ಮನಸ್ಸಿನಲ್ಲಿ ಏನೋ ಉಳಿದುಹೋದವರು ಆ ನದಿ ದಾಟುವ ಮೊದಲು ತಂಗುವ ಜಾಗ ಅದು.

ಮುದಾಂಗ್, ಅಂದರೆ ದೈವ ಮೈಮೇಲೆ ಬರಿಸಿಕೊಳ್ಳುವವರು, ಹೆಚ್ಚಿನವರು ಹೆಂಗಸರು. ಕೊಡಗಿನ ತೆರೆಯಲ್ಲಿ, ಅಂದರೆ ತೆಯ್ಯಂ ಕೋಲದಲ್ಲಿ, ವಿಷ್ಣುಮೂರ್ತಿಯೋ ಕುಟ್ಟಿಚಾತನೋ ನುಡಿ ಕೊಡುವುದನ್ನು ನೋಡಿದವರಿಗೆ ಆ ದೃಶ್ಯದಲ್ಲಿ ಭಯಕ್ಕಿಂತ ಪರಿಚಯವೇ ಹೆಚ್ಚು ಕಾಣುತ್ತದೆ. ಹಳದಿ ಕಾಗದದ ಮೇಲೆ ಕೆಂಪು ಬರಹ ಇದ್ದರೆ ರಕ್ಷೆ. ಉಪ್ಪು, ಕೆಂಪು ಅವರೆಯಂಥ ಕಾಳು ಎರಚಿದರೆ ಪೀಡೆ ಓಡಿಸಲು. ಬದುಕಿರುವವರ ಹೆಸರನ್ನು ಕೆಂಪು ಶಾಯಿಯಲ್ಲಿ ಬರೆದರೆ ಕೇಡು. ಇವು ಚೌಕಟ್ಟಿನ ಮೂಲೆಯಲ್ಲಿ ಕಂಡರೂ ಸುಳಿವೇ. ಥ್ರಿಲ್ಲರೂ ಇದೂ ಬೆರೆತದ್ದು ಬೇಕಾದರೆ ‘ರೆವೆನೆಂಟ್’ (2023, 12 ಕಂತು) ನೋಡಿ. ತಂದೆ ಬಿಟ್ಟುಹೋದ ಕೆಂಪು ಜಡೆಪಟ್ಟಿಯಿಂದ ಅನಾಹುತ ಶುರುವಾಗುತ್ತದೆ.

ಎಲ್ಲಿ ನಿಲ್ಲಿಸಬೇಕು, ಯಾವುದರಿಂದ ಶುರು

ಅಲ್ಲಿ ವಾರಕ್ಕೆ ಎರಡು ಕಂತು ಪ್ರಸಾರ ಮಾಡುವುದು ರೂಢಿ. ಹಾಗಾಗಿ ಎರಡೆರಡಾಗಿ ನೋಡಿ, ಕಥೆಯ ಉಸಿರಾಟ ಹಾಗೇ ಇದೆ. ಪ್ರತಿ ಕಂತಿನ ಕೊನೆಯಲ್ಲಿ ಕೊಕ್ಕೆ ಹಾಕುತ್ತಾರೆ, ಅಲ್ಲಿ ನಿಲ್ಲಿಸಲು ಹೋದರೆ ಬೆಳಗಿನ ಜಾವವಾದರೂ ಏಳುವುದಿಲ್ಲ. ಮುಂದಿನ ಕಂತಿನ ಮೊದಲ ಹತ್ತು ನಿಮಿಷದಲ್ಲಿ ಆ ಕೊಕ್ಕೆ ಕಳಚುತ್ತದೆ, ಅಲ್ಲಿ ನಿಲ್ಲಿಸಿ. ಆಟೊಪ್ಲೇ ಆಫ್ ಮಾಡಿ: ಬ್ರೌಸರ್‌ನಲ್ಲಿ ನೆಟ್‌ಫ್ಲಿಕ್ಸ್ ಖಾತೆ ತೆರೆದು, ನಿಮ್ಮ ಪ್ರೊಫೈಲಿನ ಪ್ಲೇಬ್ಯಾಕ್ ಸೆಟ್ಟಿಂಗ್ಸ್‌ನಲ್ಲಿ ಮುಂದಿನ ಕಂತಿನ ಗುರುತು ತೆಗೆಯಿರಿ. ಇಲ್ಲದಿದ್ದರೆ ಕಂತಿನ ಬಾಲದಲ್ಲಿ ಇಡುವ ಚಿಕ್ಕ ದೃಶ್ಯ ತಪ್ಪಿಹೋಗುತ್ತದೆ. ‘ಹೋಟೆಲ್ ಡೆಲ್ ಲೂನಾ’ದ ಕೊನೆಯ ಕಂತಿನಲ್ಲಿ ಅದು ನೋಡಲೇಬೇಕಾದದ್ದು.

ನಾಲ್ಕು ಕಂತಿನ ತನಕ ಕಾಯಿರಿ, ಅಲ್ಲಿಗೂ ಹಿಡಿಸದಿದ್ದರೆ ಬಿಡಿ. ಹನ್ನೊಂದರಿಂದ ಹದಿಮೂರನೇ ಕಂತಿನ ಸುಮಾರಿಗೆ ಬಹಳಷ್ಟು ಸರಣಿಗಳು ಜೋಲು ಬೀಳುತ್ತವೆ, ಪಾತ್ರಗಳು ಕಾರಣವಿಲ್ಲದೆ ಸ್ಯಾಂಡ್‌ವಿಚ್ ತಿನ್ನುತ್ತಾ ಕೂರುತ್ತವೆ. ಅದು ಒಳಜಾಹೀರಾತು, ಅಲ್ಲಿ ಧೈರ್ಯವಾಗಿ ಮುಂದಕ್ಕೆ ಓಡಿಸಿ.

ಆಯ್ಕೆ ಮಾಡುವಾಗ ನಟರನ್ನಲ್ಲ, ಬರೆದವರನ್ನು ನೋಡಿ. ಅಲ್ಲಿ ಸಾಮಾನ್ಯವಾಗಿ ಒಬ್ಬರೇ ಎಲ್ಲ ಕಂತನ್ನೂ ಬರೆಯುವುದರಿಂದ ಕೈಗುಣ ಗೊತ್ತಾಗುತ್ತದೆ. ‘ಸಿಗ್ನಲ್’, ‘ಕಿಂಗ್‌ಡಮ್’, ‘ರೆವೆನೆಂಟ್’ ಮೂರೂ ಕಿಮ್ ಉನ್‌ಹಿ ಅವರವು. ‘ಸ್ಟ್ರೇಂಜರ್’ ಲೀ ಸೂಯೊನ್ ಅವರದು. ‘ಹೋಟೆಲ್ ಡೆಲ್ ಲೂನಾ’, ‘ಆಲ್ಕೆಮಿ ಆಫ್ ಸೋಲ್ಸ್’ ಹಾಂಗ್ ಸಹೋದರಿಯರವು.

ಹೊಸಬರು ‘ಕಿಂಗ್‌ಡಮ್’ನಿಂದ ಶುರು ಮಾಡಿ. 2019 ಮತ್ತು 2020ರ ಎರಡು ಭಾಗ, ತಲಾ 6 ಕಂತು. ಜೊಸನ್ ರಾಜ್ಯದ ಅರಮನೆ ರಾಜಕಾರಣ, ಎದ್ದು ಬರುವ ಹೆಣಗಳು, ಎಲ್ಲೂ ಜೋಲಿಲ್ಲ. ಮಕ್ಕಳ ಮುಂದೆ ಮಾತ್ರ ಬೇಡ. 2021ರ ‘ಆಶಿನ್ ಆಫ್ ದ ನಾರ್ತ್’ ಹಿಂದಿನ ಕಥೆಯಾದರೂ ಅದನ್ನು ಎರಡೂ ಭಾಗದ ನಂತರವೇ ನೋಡಬೇಕು, ಮೊದಲೇ ನೋಡಿದರೆ ರೋಗದ ಗುಟ್ಟು ಬಯಲಾಗುತ್ತದೆ. ಆಮೇಲೆ ‘ಸಿಗ್ನಲ್’, ಆಮೇಲೆ ‘ಸ್ಟ್ರೇಂಜರ್’. ನೆಟ್‌ಫ್ಲಿಕ್ಸ್ ತಾನೇ ಮಾಡಿಸಿದ ‘ಕಿಂಗ್‌ಡಮ್’ ಅಲ್ಲೇ ಇರುತ್ತದೆ, ಟಿವಿ ವಾಹಿನಿಗಳ ಸರಣಿಗಳ ಹಕ್ಕು ಕೈ ಬದಲಾಗುತ್ತಿರುತ್ತದೆ. ಹಾಗಾಗಿ ಚಂದಾ ಕಟ್ಟುವ ಮೊದಲು ಬೇಕಾದದ್ದು ಅಲ್ಲಿದೆಯೇ ಅಂತ ಹುಡುಕಿ ನೋಡಿ.

‘ಆಲ್ಕೆಮಿ ಆಫ್ ಸೋಲ್ಸ್’ ಕೊನೆಗಿರಲಿ. 20 ಮತ್ತು 10, ಒಟ್ಟು 30 ಕಂತು. ದೇಹದಿಂದ ದೇಹಕ್ಕೆ ಆತ್ಮ ಹಾರುವ ಕಥೆಯಾದ್ದರಿಂದ ಮುಖ ನೋಡಿ ಪಾತ್ರ ಗುರುತಿಸುವ ಅಭ್ಯಾಸ ಇಲ್ಲಿ ಕೈಕೊಡುತ್ತದೆ. ಜಾಂಗ್, ಜಿನ್, ಸೊ, ಪಾರ್ಕ್ ಎಂಬ ನಾಲ್ಕು ಮನೆತನಗಳನ್ನು ಮೊದಲು ಚೀಟಿಯಲ್ಲಿ ಬರೆದುಕೊಳ್ಳಿ. ಎರಡನೇ ಭಾಗದಲ್ಲಿ ನಾಯಕಿಯ ಪಾತ್ರಕ್ಕೆ ಬೇರೆ ನಟಿ ಬರುತ್ತಾರೆ, ಅದು ಕಥೆಯದೇ ಭಾಗ, ತಪ್ಪು ಕಂತು ಹಾಕಿದೆವೇನೋ ಅಂತ ಹಿಂದಕ್ಕೆ ಹೋಗಬೇಡಿ.