ಅಟ್ಟದ ಕತ್ತಿಗೆ ಬಾಯಿ ಬರಿಸುವ ಬಗೆ

ಕಳೆದ ಮಳೆಗಾಲ ಮುಗಿದ ಮೇಲೆ ಕಾಸರಗೋಡಿನ ಪೆರ್ಲದ ಕಡೆಯ ನೆಂಟರೊಬ್ಬರು ಗೋಣಿಯಲ್ಲಿ ಸುತ್ತಿದ ಕತ್ತಿಯೊಂದನ್ನು ತಂದು ನಮ್ಮ ಜಗಲಿಯಲ್ಲಿ ಬಿಚ್ಚಿಟ್ಟರು. ಅಜ್ಜ ತೋಟಕ್ಕೆ ಹೋಗುವಾಗ ಸೊಂಟದ ಕೊಕ್ಕೆಗೆ ಸಿಕ್ಕಿಸಿಕೊಳ್ಳುತ್ತಿದ್ದ ಬಾಗುಮೂತಿಯ ಕತ್ತಿ. ಅಟ್ಟದಲ್ಲಿ ಸಿಕ್ಕಿತಂತೆ. ಪೇಟೆಯ ವರ್ಕ್‌ಶಾಪೊಂದರಲ್ಲಿ ಚೆಂದ ಮಾಡಿಸಿದ್ದರು. ಮೈಯೆಲ್ಲ ಕನ್ನಡಿಯಂತೆ ಹೊಳೆಯುತ್ತಿತ್ತು, ಬಾಯಿಯುದ್ದಕ್ಕೂ, ಅಂದರೆ ಕಡಿಯುವ ಅಂಚಿನುದ್ದಕ್ಕೂ, ಶಂಖಪುಷ್ಪದ ಬಣ್ಣದ ನೀಲಿ ಪಟ್ಟಿ. “ನಾಲ್ಕು ತೆಂಗಿನ ಮಡಲು ಕಡಿಯುವಷ್ಟರಲ್ಲಿ ಬಾಯಿ ಮಡಚಿಕೊಳ್ಳುತ್ತದಲ್ಲ, ಯಾಕೆ?” ಎಂದು ಅವರ ಪ್ರಶ್ನೆ. ಉತ್ತರ ಆ ನೀಲಿಯಲ್ಲೇ ಇತ್ತು.

ಇಂಥವು ನನ್ನ ಕೈಗೆ ಐದಾರು ಬಂದಿವೆ. ತುಕ್ಕಿನಿಂದ ಕೆಟ್ಟ ಕತ್ತಿಗಳಿಗಿಂತ ರಿಪೇರಿಯಿಂದ ಕೆಟ್ಟವೇ ಅವುಗಳಲ್ಲಿ ಹೆಚ್ಚು. ಆದ್ದರಿಂದ ಈ ಬರಹ.

ಮೊದಲು ಕಿವಿ, ಆಮೇಲೆ ಕಣ್ಣು

ಹಿಡಿ ಸಡಿಲವಾಗಿದ್ದರೆ ಕಳಚಿ. ಕತ್ತಿಯನ್ನು ಅದರ ಬಾಲದಲ್ಲಿ, ಅಂದರೆ ಹಿಡಿಯೊಳಗೆ ಹೋಗುವ ಮೊನೆಯಲ್ಲಿ, ಎರಡು ಬೆರಳಿನಿಂದ ತೂಗುಹಾಕಿ ಉಗುರಿನಿಂದ ಮೀಟಿ. ಟಿಣ್ ಎಂದು ಎಳೆದು ನಿಂತರೆ ಮೈ ಗಟ್ಟಿ ಇದೆ. ಒಡಕು ಮಡಕೆಯ ಸದ್ದು ಬಂದರೆ ಎಲ್ಲೋ ಸೀಳಿದೆ. ಸೀಳಿದ ಕತ್ತಿಯನ್ನು ಗೋಡೆಗೆ ತೂಗಿಹಾಕಿ, ತೋಟಕ್ಕೆ ಒಯ್ಯಬೇಡಿ.

ಹಳೆಯ ಕತ್ತಿಗಳಲ್ಲಿ ಬಹಳಷ್ಟು ಪೂರ್ತಿ ಉಕ್ಕಿನವಲ್ಲ. ಉಕ್ಕು ದುಬಾರಿಯಾಗಿದ್ದ ಕಾಲದಲ್ಲಿ ಆಚಾರಿಗಳು, ಅಂದರೆ ಕಮ್ಮಾರರು, ಮೆದು ಕಬ್ಬಿಣದ ಮೈಗೆ ಬಾಯಿಯ ಜಾಗದಲ್ಲಿ ಮಾತ್ರ ಉಕ್ಕಿನ ಪಟ್ಟಿ ಕೂಡಿಸಿ ಬಡಿಯುತ್ತಿದ್ದರು. ಲಾರಿಯ ಸ್ಪ್ರಿಂಗ್ ಪಟ್ಟಿಯಿಂದ ಇಡೀ ಕತ್ತಿ ಮಾಡುವುದು ಅದರ ನಂತರದ ಮಾತು. ನಿಮ್ಮದು ಕೂಡಿಸಿದ ಕತ್ತಿಯಾಗಿದ್ದರೆ ನಿಮ್ಮ ಪಾಲಿಗೆ ಉಳಿದಿರುವ ಆಸ್ತಿ ಆ ಪಟ್ಟಿಯಷ್ಟೇ. ಐವತ್ತು ವರ್ಷ ಮಸೆದು ಮಸೆದು ಅದು ಕಿರುಬೆರಳಿನ ಉಗುರಿನಷ್ಟು ಅಗಲಕ್ಕೆ ಇಳಿದಿರಬಹುದು. ಮುಂದೆ ಮಾಡುವ ಪ್ರತಿ ಕೆಲಸದಲ್ಲೂ ಅದು ಖರ್ಚಾಗುತ್ತಲೇ ಹೋಗುತ್ತದೆ, ಹಾಗಾಗಿ ಕೈ ಬಿಗಿ ಹಿಡಿದು ಖರ್ಚು ಮಾಡಿ.

ತುಕ್ಕು

ಕಡಲಿನ ಗಾಳಿಯೂ ನಾಲ್ಕು ತಿಂಗಳ ಮಳೆಯೂ ಇರುವ ಕಾಸರಗೋಡಿನಲ್ಲಿ ತುಕ್ಕಿಗೆ ಬರಗಾಲವಿಲ್ಲ. ಮೇಲಿನ ಹೊಪ್ಪಳೆಯನ್ನು ಹಳೆಯ ಚಾಕುವಿನ ಬೆನ್ನಿನಿಂದ ಕೆರೆದು ತೆಗೆಯಿರಿ. ಉಳಿದದ್ದಕ್ಕೆ ಅಂಗಡಿಯ ಬಿಳಿ ವಿನೆಗರ್ ಸಾಕು. ಕತ್ತಿ ಮುಳುಗುವಷ್ಟು ಹಾಕಿ ಒಂದು ರಾತ್ರಿ ಬಿಡಿ. ನನ್ನ ಆಯ್ಕೆ ಕೇಳಿದರೆ ಬಿಂಬುಳಿ ಎಂಬ ಹುಳಿಕಾಯಿ. ಹಿತ್ತಿಲಲ್ಲಿ ಉದುರಿ ಕೊಳೆಯುವ ಬಿಂಬುಳಿಯನ್ನು ಜಜ್ಜಿ, ಕತ್ತಿಗೆ ಮೆತ್ತಿ, ಬಾಳೆಲೆ ಸುತ್ತಿಟ್ಟರೆ ಬೆಳಗಾಗುವಷ್ಟರಲ್ಲಿ ತುಕ್ಕು ಕಪ್ಪು ಲೋಳೆಯಾಗಿರುತ್ತದೆ. ಅದರಲ್ಲಿರುವ ಆಕ್ಸಾಲಿಕ್ ಆಮ್ಲದ ಕೆಲಸ ಅದು. ಬಟ್ಟೆಯ ಮೇಲಿನ ತುಕ್ಕಿನ ಕಲೆಗೆ ಬಿಂಬುಳಿ ಉಜ್ಜುವುದೂ ಇದೇ ಕಾರಣಕ್ಕೆ. ಆಮೇಲೆ ತೆಂಗಿನ ನಾರಿನಿಂದ ತಿಕ್ಕಿ, ವಾಷಿಂಗ್ ಸೋಡಾ ಬೆರೆಸಿದ ನೀರಿನಲ್ಲಿ ಅದ್ದಿ, ಕೂಡಲೇ ಒರೆಸಿ ಬಿಸಿಲಿಗಿಡಿ. ಹುಳಿ ಉಳಿದರೆ ಸಂಜೆಯೊಳಗೆ ಕಿತ್ತಳೆ ಬಣ್ಣದ ಹೊಸ ತುಕ್ಕು ಹಾಜರು.

ಕಕ್ಕಸು ತೊಳೆಯುವ ಆಸಿಡ್ ಸುರಿಯುವವರಿದ್ದಾರೆ. ಹತ್ತು ನಿಮಿಷದಲ್ಲಿ ತುಕ್ಕು ಹೋಗುವುದು ನಿಜ. ಆದರೆ ಉಕ್ಕನ್ನೂ ತಿಂದು ಸಣ್ಣ ಸಣ್ಣ ಗುಳಿ ಮಾಡುತ್ತದೆ, ಬಾಯಿಯ ಅಂಚಿನಲ್ಲಿ ಒಂದೇ ಒಂದು ಗುಳಿ ಇದ್ದರೂ ಆ ಜಾಗ ಮುಕ್ಕಾಗುತ್ತದೆ. ಕೋಲಾದಲ್ಲಿ ನೆನೆಹಾಕುವ ಉಪಾಯವನ್ನೂ ಒಮ್ಮೆ ನೋಡಿದೆ. ಇರುವೆಗಳಿಗೆ ಲಾಭವಾಯಿತು.

ತೊಳೆದು ಒಣಗಿಸಿದ ಕತ್ತಿಯನ್ನು ಓರೆಯಾಗಿ ಬೆಳಕಿಗೆ ಹಿಡಿದು ನೋಡಿ. ಕೂಡಿಸಿದ ಕತ್ತಿಯಾದರೆ ಬಾಯಿಯ ಉದ್ದಕ್ಕೂ ಕಡು ಬೂದು ಬಣ್ಣದ ಪಟ್ಟಿ ಕಾಣುತ್ತದೆ. ಅದರ ಮೇಲಂಚು ಕಡಲಿನ ಭರತ ಇಳಿದ ಮೇಲೆ ಮರಳಿನಲ್ಲಿ ಉಳಿಯುವ ಗೆರೆಯ ಹಾಗೆ ಅಂಕುಡೊಂಕು. ಹುಳಿ ತಾಗಿದಾಗ ಉಕ್ಕು ಕಪ್ಪಾಗುತ್ತದೆ, ಕಬ್ಬಿಣ ತಿಳಿಯಾಗಿಯೇ ಉಳಿಯುತ್ತದೆ. ಈ ಗೆರೆ ಕಂಡವರು ಆಮೇಲೆ ಕತ್ತಿಯನ್ನು ಗ್ರೈಂಡರಿಗೆ ಕೊಟ್ಟದ್ದನ್ನು ನಾನು ಕಂಡಿಲ್ಲ. ಹೊಳಪು ಮಾತ್ರ ಕೊಡಬೇಡಿ. ಕಪ್ಪು ಮೈ ತುಕ್ಕನ್ನು ಒಂದಿಷ್ಟು ತಡೆಯುತ್ತದೆ, ಹೊಳಪು ಕೊಟ್ಟರೆ ಅದು ಹೋಗುತ್ತದೆ.

ಬಾಯಿ ಬರಿಸುವುದು

ಎಲ್ಲರೂ ಎಡವುವುದು ಇಲ್ಲಿ, ಆದ್ದರಿಂದ ನಿಧಾನವಾಗಿ ಓದಿ.

ಉಕ್ಕಿಗೆ ಗಡಸು ಬಂದಿರುವುದು ಆಚಾರಿ ಕೊಟ್ಟ ಹದದಿಂದ. ಕೆಂಪಗೆ ಕಾಯಿಸಿ, ಅದ್ದಿ, ಮತ್ತೆ ಹಿತವಾಗಿ ಕಾಯಿಸಿ ತಂದ ಹದ. ಆ ಎರಡನೆಯ ಕಾಯಿಸುವಿಕೆಯ ಬಿಸಿಯನ್ನು ಮೀರಿ ಮತ್ತೊಮ್ಮೆ ಬಿಸಿ ತಾಗಿತೆಂದರೆ ಹದ ಇಳಿಯುತ್ತದೆ. ಎಷ್ಟು ಬಿಸಿ ತಾಗಿತೆಂದು ಉಕ್ಕೇ ಬಣ್ಣದಲ್ಲಿ ಹೇಳುತ್ತದೆ: ಸುಮಾರು 220 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಣಹುಲ್ಲಿನ ಹಳದಿ, 260ರಲ್ಲಿ ಕಂದು, 280ರಲ್ಲಿ ಪುನರ್ಪುಳಿಯ ನೇರಳೆ, 300ರ ಹೊತ್ತಿಗೆ ನೀಲಿ. ನೀಲಿ ಬಂದ ಬಾಯಿ ಸ್ಪ್ರಿಂಗಿಗೆ ಆದೀತು, ಕತ್ತಿಗಲ್ಲ. ನಾಲ್ಕಿಂಚಿನ ಕೈಗ್ರೈಂಡರ್ ನಿಮಿಷಕ್ಕೆ 11,000ದಷ್ಟು ಸುತ್ತು ತಿರುಗುತ್ತದೆ. ಕೂದಲಿನಷ್ಟು ತೆಳುವಾದ ಅಂಚಿಗೆ ಅದು ಮುಟ್ಟಿದರೆ ನೀಲಿ ಬರಲು ಎರಡು ಸೆಕೆಂಡು ಸಾಕು. ಕತ್ತಿಯ ಮೈ ಆಗ ಇನ್ನೂ ತಣ್ಣಗೇ ಇರುತ್ತದೆ, ಹಿಡಿದವನಿಗೆ ಏನೂ ಗೊತ್ತಾಗುವುದಿಲ್ಲ. ಆಮೇಲೆ ಮರಳು ಕಾಗದದಿಂದ ಉಜ್ಜಿದರೆ ಬಣ್ಣ ಹೋಗುತ್ತದೆ, ಮೆದುತನ ಹೋಗುವುದಿಲ್ಲ.

ಹಾಗಾದರೆ ಯಾವುದರಿಂದ? ಅರದಿಂದ. ಹತ್ತಿಂಚಿನ ಚಪ್ಪಟೆ ಅರವೊಂದು, ಒಂದೇ ದಿಕ್ಕಿಗೆ ಹಲ್ಲಿರುವಂಥದ್ದು. ನಮ್ಮೂರ ಹಾರ್ಡ್‌ವೇರ್ ಅಂಗಡಿಗಳಲ್ಲಿ ಇದಕ್ಕೆ ಭಾಷೆಯ ತೊಡಕಿಲ್ಲ. ಕನ್ನಡದಲ್ಲಿ ಅರ ಎಂದರೂ ಮಲಯಾಳದಲ್ಲಿ ಅರಂ ಎಂದರೂ ಅದೇ ಬರುತ್ತದೆ. ಮರ ಉಜ್ಜುವ ಅರ ಕೊಟ್ಟಾರು, ಹಲ್ಲು ನೋಡಿ ತೆಗೆದುಕೊಳ್ಳಿ. ತೀರಾ ಅಗ್ಗದ್ದು ಬೇಡ, ನಾಲ್ಕು ಕತ್ತಿಗೆ ಅದೇ ಬೋಳಾಗುತ್ತದೆ.

ಮೊದಲು ಅರವನ್ನು ಅಂಚಿಗೆ ಒಮ್ಮೆ ಎಳೆದು ಪರೀಕ್ಷಿಸಿ. ಗಾಜಿನ ಮೇಲೆ ಜಾರಿದಂತೆ ಜಾರಿದರೆ ಉಕ್ಕು ಅತಿ ಗಡಸು. ಬೆಲ್ಲ ಹೆರೆದಂತೆ ಬಂದರೆ ಹದ ಹೋಗಿದೆ, ಇಲ್ಲವೇ ಉಕ್ಕೇ ಮುಗಿದಿದೆ. ತುಸು ತಡೆದು, ಕರಕರ ಎನ್ನುತ್ತಾ ಕಚ್ಚಿದರೆ ಒಳ್ಳೆಯ ಕತ್ತಿ.

ಕತ್ತಿಯನ್ನು ಕೈಯಲ್ಲಿ ಹಿಡಿದುಕೊಂಡು ಅರ ಹಾಕಬೇಡಿ. ತೆಂಗಿನ ಕೊರಡಿನ ಮೇಲೆ ಮಲಗಿಸಿ, ಅಡಕೆಮರದ ಸಲಾಕೆ ಅಡ್ಡ ಇಟ್ಟು ಬಿಗಿಯಾಗಿ ಕಟ್ಟಿ. ಎಡಗೈಗೆ ದಪ್ಪ ಕೈಗವಸು ಇರಲಿ. ಬಾಯಿಯ ಇಳಿಜಾರಿಗೆ ಮಾರ್ಕರ್ ಪೆನ್ನಿನಿಂದ ಕಪ್ಪು ಬಳಿಯಿರಿ. ಒಂದೊಂದು ಬದಿಗೆ 15 ಡಿಗ್ರಿ, ಎರಡೂ ಸೇರಿ 30 ಎನ್ನುವುದು ಲೆಕ್ಕ. ಕೋನಮಾಪಕ ಬೇಡ. ಕತ್ತಿ ಐದು ಸೆಂಟಿಮೀಟರ್ ಅಗಲವಿದ್ದರೆ, ಮುಂದೆ ಮಸೆಗಲ್ಲಿನ ಮೇಲೆ ಇಡುವಾಗ ಬೆನ್ನು ಕಲ್ಲಿನಿಂದ 13 ಮಿಲಿಮೀಟರ್ ಎದ್ದಿರಬೇಕು, ಹೆಚ್ಚುಕಡಿಮೆ ಕಿರುಬೆರಳಿನ ದಪ್ಪ. ಅರದಲ್ಲೂ ಅದೇ ಓರೆ. ಅರವನ್ನು ಮುಂದಕ್ಕೆ ಮಾತ್ರ ಒತ್ತಿ ತಳ್ಳಿ, ಹಿಂದೆ ತರುವಾಗ ಎತ್ತಿ. ಹಿಂದಕ್ಕೂ ಉಜ್ಜಿದರೆ ಅರದ ಹಲ್ಲು ಮುರಿಯುತ್ತದೆ. ನಾಲ್ಕು ಸಲ ತಳ್ಳಿ ನಿಲ್ಲಿಸಿ, ಕಪ್ಪು ಎಲ್ಲಿ ಹೋಗಿದೆ ನೋಡಿ. ಮೇಲ್ಭಾಗದಲ್ಲಿ ಮಾತ್ರ ಹೋಗಿದ್ದರೆ ಅರ ಮಲಗಿದೆ, ತುದಿಯಲ್ಲಿ ಮಾತ್ರ ಹೋಗಿದ್ದರೆ ಅರ ಎದ್ದಿದೆ. ಇಡೀ ಇಳಿಜಾರು ಒಟ್ಟಿಗೆ ಬೆಳ್ಳಗಾದ ಮೇಲೆ ಕೈ ಆ ಓರೆಯನ್ನು ಮರೆಯುವುದಿಲ್ಲ.

ಒಂದು ಬದಿ ಸಾಕಾಯಿತೆಂದು ತಿಳಿಯುವುದು ಹೇಗೆ? ಇನ್ನೊಂದು ಬದಿಯಿಂದ ಉಗುರನ್ನು ಅಂಚಿನ ಕಡೆಗೆ ಮೆಲ್ಲಗೆ ಎಳೆಯಿರಿ. ಉಗುರಿಗೆ ಸಣ್ಣ ತಡೆ ಸಿಗಬೇಕು. ಆ ತಡೆ ಬುಡದಿಂದ ಕೊಕ್ಕಿನವರೆಗೂ ಸಿಕ್ಕಿದರೆ ಮಾತ್ರ ಬದಿ ಬದಲಿಸಿ. ಹೆಚ್ಚಿನವರು ಮಧ್ಯದಲ್ಲಿ ಸಿಕ್ಕಿತೆಂದು ಬದಿ ಬದಲಿಸುತ್ತಾರೆ. ಅವರ ಕತ್ತಿ ಮಧ್ಯದಲ್ಲಿ ಮಾತ್ರ ಕಡಿಯುತ್ತದೆ.

ಬಾಗಿದ ಕೊಕ್ಕಿನ ಒಳಭಾಗಕ್ಕೆ ಚಪ್ಪಟೆ ಅರವೂ ಚಪ್ಪಟೆ ಕಲ್ಲೂ ತಲುಪುವುದಿಲ್ಲ. ಅರ್ಧ ದುಂಡಗಿನ ಅರ ಬೇಕು, ಕಲ್ಲು ದೋಣಿಯ ಆಕಾರದ್ದು. ಕೊಕ್ಕಿನ ಒಳಗೆ ಹರಿತವಿಲ್ಲದ ಕತ್ತಿಯಿಂದ ಅಡಕೆಗೊನೆ ಎಳೆದು ನೋಡಿ, ಗೊನೆಯ ಬದಲು ನೀವೇ ಬರುತ್ತೀರಿ.

ಅರದ ಮೇಲೆ ಕಾರ್ಬೊರಂಡಮ್ ಕಲ್ಲಿನ ಒರಟು ಬದಿ, ಆಮೇಲೆ ನಯ ಬದಿ. ನೀರು ಹಾಕುವುದಾದರೆ ಕೊನೆಯವರೆಗೂ ನೀರೇ. ಒಮ್ಮೆ ಎಣ್ಣೆ ಕುಡಿದ ಕಲ್ಲು ಮತ್ತೆ ನೀರು ಹಿಡಿಯುವುದಿಲ್ಲ. ನಮ್ಮ ಮನೆಯಲ್ಲಿ ಕಲ್ಲೂ ಇರಲಿಲ್ಲ. ಬಾವಿಕಟ್ಟೆಯ ಪಕ್ಕ ಒಂದು ಹಲಗೆ, ಅದರ ಮೇಲೆ ಬೆಣಚುಕಲ್ಲಿನ ಪುಡಿ, ಅಷ್ಟೆ. ಹಲಗೆಯ ನಡು ತಗ್ಗಾಗಿ ಕತ್ತಿಯ ಅಂಚು ತುಸು ಉಬ್ಬಿದಂತೆ ಬರುತ್ತಿತ್ತು. ಕಡಿಯುವ ಕತ್ತಿಗೆ ಆ ಉಬ್ಬೇ ಬಲ ಎಂದು ಈಗ ಅರ್ಥವಾಗುತ್ತಿದೆ. ಚಾಕುವನ್ನು ಎರಡು ಕಡ್ಡಿಗಳ ನಡುವೆ ಎಳೆಯುವ ಅಂಗೈಯಗಲದ ಪ್ಲಾಸ್ಟಿಕ್ ಸಾಧನ ಬರುತ್ತದಲ್ಲ, ಅದನ್ನು ಹತ್ತಿರ ತರಬೇಡಿ. ಅದು ಮಸೆಯುವುದಿಲ್ಲ, ಉಕ್ಕನ್ನು ಸಿಪ್ಪೆ ಸುಲಿಯುತ್ತದೆ.

ದೊಡ್ಡ ಮುಕ್ಕು ತೆಗೆಯಲು ಯಂತ್ರವೇ ಬೇಕೆಂದರೆ, ಅಂಚಿನಲ್ಲಿ ಒಂದು ಹನಿ ನೀರು ನಿಲ್ಲಿಸಿ ಹಿಡಿಯಿರಿ. ಹನಿ ಚುಂಯ್ ಎನ್ನುವ ಮೊದಲೇ ಬಕೆಟ್ಟಿಗೆ ಅದ್ದಿ. ಅಂಚು ನಾಣ್ಯದಷ್ಟು ದಪ್ಪವಿರುವಾಗಲೇ ಯಂತ್ರ ನಿಲ್ಲಿಸಿ, ಉಳಿದದ್ದು ಅರಕ್ಕೆ.

ಈಗಾಗಲೇ ನೀಲಿ ಬಂದಿದ್ದರೆ? ಒಂದೆರಡು ಮಿಲಿಮೀಟರಿನೊಳಗಾದರೆ ಅರದಿಂದ ಅಷ್ಟನ್ನೂ ತೆಗೆದು ಹೊಸ ಅಂಚು ಕಟ್ಟಿ. ನೆಂಟರ ಕತ್ತಿಯಲ್ಲಿ ನೀಲಿ ಒಂದು ಬೆರಳಗಲ ಇತ್ತು. ಅದು ಕುಲುಮೆಗೇ ಹೋಗಬೇಕಾಯಿತು, ಹದ ಮತ್ತೆ ಹಾಕಿಸಲು. ಗ್ಯಾಸ್ ಒಲೆಯ ಮೇಲೆ ನೀವೇ ಹದ ಹಾಕುವ ಸಾಹಸ ಬೇಡ. ಮಲಯಾಳದವರು ‘ಆಲ’ ಎನ್ನುವ ಕುಲುಮೆ ನಿಮ್ಮೂರ ಸುತ್ತ ಇನ್ನೂ ಒಂದಾದರೂ ಉಸಿರಾಡುತ್ತಿದ್ದರೆ ಅಲ್ಲಿಗೆ ಹೋಗಿ.

ಹಿಡಿ

ಹುಣಸೆ ಅಥವಾ ಪೇರಳೆಯ ಒಣಮರ. ರಬ್ಬರ್ ಮರದ ಹಿಡಿ ಒಂದು ಮಳೆಗಾಲಕ್ಕೆ ಹುಳ ಹಿಡಿಯುತ್ತದೆ. ಬಾಲಕ್ಕಿಂತ ಕಿರಿದಾದ ತೂತು ಕೊರೆದು, ಕತ್ತಿಯ ಮೈಗೆ ಒದ್ದೆ ಬಟ್ಟೆ ದಪ್ಪವಾಗಿ ಸುತ್ತಿ, ಬಾಲವನ್ನು ಮಾತ್ರ ಕೆಂಪಗೆ ಕಾಯಿಸಿ ಮುಕ್ಕಾಲು ಆಳಕ್ಕೆ ಒತ್ತಿ, ಹೊರತೆಗೆಯಿರಿ. ಆರಿದ ಮೇಲೆ ತೂತಿಗೆ ಅರಗು ಮತ್ತು ಇಟ್ಟಿಗೆಪುಡಿ ತುಂಬಿ, ಬಾಲವನ್ನು ಅರಗು ಕರಗುವಷ್ಟು ಮಾತ್ರ ಬಿಸಿಮಾಡಿ ಕೂರಿಸಿ. ಹಿಡಿಯ ಕುತ್ತಿಗೆಗೆ ಹಿತ್ತಾಳೆಯ ಬಳೆ ಇಲ್ಲದಿದ್ದರೆ ಮರ ಸೀಳುತ್ತದೆ. ಎರಡು ಟ್ಯೂಬಿನ ಅಂಟು ಕಲಸಿ ತುಂಬುವವರಿದ್ದಾರೆ. ಗಟ್ಟಿಯೇನೋ ನಿಲ್ಲುತ್ತದೆ, ಆದರೆ ಮುಂದೆ ಹಿಡಿ ಬದಲಿಸುವವನು ನಿಮ್ಮನ್ನು ಶಪಿಸುತ್ತಾನೆ. ಅರಗಾದರೆ ಬಿಸಿಮಾಡಿದರೆ ಬಿಡುತ್ತದೆ.

ಹಿಡಿಗೆ ಅಗಸೆ ಎಣ್ಣೆ ಸವರಿ. ಸವರಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ತಾನಾಗಿ ಹೊತ್ತಿಕೊಳ್ಳುವುದುಂಟು, ಹರಡಿ ಒಣಗಿಸಿ. ಗೇರೆಣ್ಣೆ ಹಾಕಿದರೆ ಗೆದ್ದಲು ಬರುವುದಿಲ್ಲ ಎಂಬುದು ಸರಿಯೇ. ಆದರೆ ಅದು ಅಂಗೈಯಲ್ಲಿ ಬೊಕ್ಕೆ ಎಬ್ಬಿಸುತ್ತದೆ. ಕಂಬಕ್ಕೆ ಹಾಕಿ, ಹಿಡಿಗೆ ಬೇಡ.

ಪರೀಕ್ಷೆ

ಕಾಗದ ಸೀಳಿ ತೋರಿಸುವುದು ತರಕಾರಿ ಚಾಕುವಿನವರ ಆಟ. ಒಣಮಡಲಿನ ಬುಡವನ್ನು ಓರೆಯಾಗಿ ಹತ್ತು ಏಟು ಕಡಿಯಿರಿ. ಆಮೇಲೆ ಅಂಚನ್ನು ಬಿಸಿಲಿಗೆ ನೇರ ಹಿಡಿದು ನೋಡಿ. ಬೆಳಕು ಎಲ್ಲೂ ಮಿಂಚದಿದ್ದರೆ ಕೆಲಸ ಆಯಿತು. ಮಿಂಚಿದ ಜಾಗ ಮಡಚಿಕೊಂಡಿದ್ದರೂ ಮುಕ್ಕಾಗಿದ್ದರೂ ಬೆನ್ನನ್ನು ಇನ್ನೊಂದು ಕೂದಲು ಎತ್ತಿ, ಅಂಚನ್ನು ದಪ್ಪ ಮಾಡಿ ಮಸೆಯಿರಿ. ಆಮೇಲೂ ಮಡಚಿದರೆ ಉಕ್ಕು ಮೆದುವಾಗಿದೆ, ಕುಲುಮೆಯ ದಾರಿ ಹಿಡಿಯಿರಿ.

ಸಂಜೆ ಒರೆಸಿ ತೆಂಗಿನೆಣ್ಣೆ ಕೈಯಾಡಿಸಿ ತೂಗುಹಾಕಿ. ನೆಂಟರಿಗೆ ಇಷ್ಟನ್ನೂ ಹೇಳಿ ಕಳುಹಿಸಿದ್ದೆ. ಒಂದನ್ನು ಹೇಳಲು ಮರೆತಿದ್ದೆ. ಹದ ಹಾಕಿಸಿ ತಂದ ಕತ್ತಿಯನ್ನು ಅವರು ಪೊಟ್ಯಾಷ್ ಗೊಬ್ಬರದ ಖಾಲಿ ಚೀಲದಲ್ಲಿ ಸುತ್ತಿಟ್ಟರು. ಆ ಚೀಲದ ಒಳಗೆ ಅಂಟಿರುವುದು ಉಪ್ಪಿನ ಜಾತಿಯದ್ದೇ. ಒಂದು ವಾರದಲ್ಲಿ ಫೋನ್ ಬಂತು, ಬಿಂಬುಳಿ ಎಷ್ಟು ಬೇಕಾದೀತು ಎಂದು.