ಸ್ಟಾರ್ಟ್ ಆಗದ ಆಕ್ಟೇವಿಯಾ ಆರ್‌ಎಸ್‌ಗೆ ನಾನು ಸ್ಕ್ಯಾನರ್ ಆರಿಸಿದ ಬಗೆ

ನನ್ನ ಬಳಿ ಇರುವುದು 2005ರ ಸ್ಕೋಡಾ ಆಕ್ಟೇವಿಯಾ ಆರ್‌ಎಸ್, 1.8 ಲೀಟರ್ ಟರ್ಬೊ ಪೆಟ್ರೋಲ್ ಎಂಜಿನ್, 150 ಅಶ್ವಶಕ್ತಿ. ಮಳೆಗಾಲದಲ್ಲಿ ಮೂರು ವಾರ ಶೆಡ್ಡಿನಲ್ಲೇ ನಿಂತಿದ್ದ ಕಾರು ಒಂದು ಬೆಳಿಗ್ಗೆ ಸ್ಟಾರ್ಟ್ ಆಗಲಿಲ್ಲ. ಸೆಲ್ಫ್ ಮೋಟರು ಚುರುಕಾಗಿಯೇ ತಿರುಗುತ್ತಿತ್ತು, ಬ್ಯಾಟರಿ 12.5 ವೋಲ್ಟ್ ಇತ್ತು, ಆದರೂ ಎಂಜಿನ್ ಒಮ್ಮೆಯೂ ಹತ್ತಿಕೊಳ್ಳಲಿಲ್ಲ. ಕಳ್ಳತನ ತಪ್ಪಿಸಲು ಇರುವ ಇಮ್ಮೊಬಿಲೈಸರ್ ತಡೆದಿದ್ದರೆ ಈ ಕಾರುಗಳಲ್ಲಿ ಎಂಜಿನ್ ಒಂದೆರಡು ಸೆಕೆಂಡು ಓಡಿ ನಿಲ್ಲುವುದು ವಾಡಿಕೆಯಾದ್ದರಿಂದ, ಆ ಅನುಮಾನವನ್ನು ನಾನು ಹಿಂದಕ್ಕೆ ಸರಿಸಿದೆ.

ಮನೆಯಲ್ಲಿದ್ದ ಅಗ್ಗದ ಬ್ಲೂಟೂತ್ ಇಎಲ್‌ಎಂ327 ರೀಡರ್ (ಕಾರಿನ ದೋಷದ ಕೋಡುಗಳನ್ನು ಓದುವ ಚಿಕ್ಕ ಸಾಧನ), ಎಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರ್ ಆದ ಇಸಿಯು ಜೊತೆ ಸಂಪರ್ಕವನ್ನೇ ಸಾಧಿಸಲಿಲ್ಲ. ಈಚಿನ ಕಾರುಗಳು ಸ್ಕ್ಯಾನರ್ ಚುಚ್ಚುವ ಒಬಿಡಿ ಸಾಕೆಟ್ಟಿನ 6 ಮತ್ತು 14ನೇ ಪಿನ್ನುಗಳಲ್ಲಿರುವ ಕ್ಯಾನ್ ಎಂಬ ಎರಡು ವೈರುಗಳ ಸಂಪರ್ಕದ ಮೂಲಕ ಮಾತನಾಡಿದರೆ, ನನ್ನ ಕಾರಿನ ಎಂಜಿನ್ ಇಸಿಯು 7ನೇ ಪಿನ್ನಿನ ಕೆ-ಲೈನ್ ಎಂಬ ಹಳೆಯ ಒಂಟಿ ವೈರಿನ ಸಂಪರ್ಕ ಬಳಸುತ್ತದೆ. ಅಗ್ಗದ ನಕಲು ರೀಡರುಗಳಲ್ಲಿ ಅನೇಕವು ಕೆ-ಲೈನಿನಲ್ಲಿ ಸರಿಯಾಗಿ ಕೆಲಸ ಮಾಡುವುದಿಲ್ಲ. ಆದರೆ ರೀಡರನ್ನು ದೂರುವ ಮೊದಲು ಸ್ಟೀರಿಯೊ ಕಳಚಿ ನೋಡಿದೆ. ಈ ಪೀಳಿಗೆಯ ಕಾರುಗಳಲ್ಲಿ ಕಂಪನಿಯ ರೇಡಿಯೊಗೂ ಕೆ-ಲೈನ್ ಹೋಗಿರುತ್ತದೆ, ಆಮೇಲೆ ಹಾಕಿಸಿದ ಬೇರೆ ಸ್ಟೀರಿಯೊದ ವೈರು ಆ ಪಿನ್ನಿಗೆ ತಾಗಿದರೆ ಇಡೀ ಲೈನ್ ಸತ್ತುಹೋಗುತ್ತದೆ. ಎಷ್ಟು ಬೆಲೆಯ ಸ್ಕ್ಯಾನರ್ ತಂದರೂ ಆಗ ಉಪಯೋಗವಿಲ್ಲ. ನನ್ನ ಕಾರಿನಲ್ಲಿ ತೊಂದರೆ ಅದಾಗಿರಲಿಲ್ಲ.

ಹೊಸ ಸ್ಕ್ಯಾನರ್ ಆರಿಸುವಾಗ ನಾನು ಮುಖ್ಯವಾಗಿ ಬಯಸಿದ್ದು ಸೆಲ್ಫ್ ಹೊಡೆಯುತ್ತಿರುವಾಗಲೇ ಎಂಜಿನ್ನಿನ ಆರ್‌ಪಿಎಂ (ನಿಮಿಷಕ್ಕೆ ಎಷ್ಟು ಸುತ್ತು ಎಂಬುದು) ಓದಬಲ್ಲ ಉಪಕರಣವನ್ನು. ಕೋಡ್ ಮಾತ್ರ ತೋರಿಸುವ ರೀಡರ್ ಸ್ಟಾರ್ಟ್ ಆಗದ ಕಾರಿಗೆ ಸಾಲದು ಎಂಬುದು ನನ್ನ ಖಚಿತ ಅಭಿಪ್ರಾಯ. ಎಲ್ಲ ಕಂಪನಿಗಳ ಕಾರುಗಳಿಗೂ ಆಗುವ ದೊಡ್ಡ ಟ್ಯಾಬ್ಲೆಟ್ ಸ್ಕ್ಯಾನರ್ ಗ್ಯಾರೇಜಿಗೆ ಸರಿ, ಒಂದೇ ಕಾರಿನವನಿಗೆ ದುಬಾರಿ. ಹೀಗಾಗಿ ಫೋಕ್ಸ್‌ವ್ಯಾಗನ್ ಸಮೂಹದ ಕಾರುಗಳಿಗೆಂದೇ ಇರುವ ವಿಸಿಡಿಎಸ್ ತಂತ್ರಾಂಶವನ್ನು, ಮೂರು ಕಾರುಗಳಿಗೆ ಸೀಮಿತವಾದ ಹೆಕ್ಸ್-ವಿ2 ಕೇಬಲ್ ಸಮೇತ ತರಿಸಿಕೊಂಡೆ. ಹಳೆಯ ವಿಂಡೋಸ್ ಲ್ಯಾಪ್‌ಟಾಪ್ ಇದ್ದುದರಿಂದ ಬೇರೆ ಖರ್ಚು ಬರಲಿಲ್ಲ.

ಮೊದಲ ಸಲಕ್ಕೇ 16706 ಕೋಡ್ ಬಂತು: ಜಿ28, ಅಂದರೆ ಎಂಜಿನ್ ತಿರುಗುವುದನ್ನು ಇಸಿಯುಗೆ ತಿಳಿಸುವ ಕ್ರ್ಯಾಂಕ್ ಸೆನ್ಸರ್, ಸಿಗ್ನಲ್ ಇಲ್ಲ. ತಂತ್ರಾಂಶದಲ್ಲಿ ಆರ್‌ಪಿಎಂ ತೋರಿಸುವ ಮೆಷರಿಂಗ್ ಬ್ಲಾಕ್ 001 ತೆರೆದಿಟ್ಟು ಮಗನಿಗೆ ಸೆಲ್ಫ್ ಹೊಡೆಯಲು ಹೇಳಿದೆ. ಎಂಜಿನ್ ಕಣ್ಣೆದುರೇ ತಿರುಗುತ್ತಿದ್ದರೂ ಆರ್‌ಪಿಎಂ ಸೊನ್ನೆಯಿಂದ ಕದಲಲಿಲ್ಲ. ಕ್ರ್ಯಾಂಕ್ ಸಿಗ್ನಲ್ ಇಲ್ಲದೆ ಇಸಿಯು ಕಿಡಿಯನ್ನೂ ಕೊಡುವುದಿಲ್ಲ, ಪೆಟ್ರೋಲನ್ನೂ ಚಿಮ್ಮಿಸುವುದಿಲ್ಲ.

ಇಲ್ಲಿ ಅವಸರಪಟ್ಟು ಸೆನ್ಸರ್ ಬದಲಿಸಿದ್ದರೆ ಹಣ ದಂಡವಾಗುತ್ತಿತ್ತು. ಸಿಗ್ನಲ್ ಬರುತ್ತಿಲ್ಲ ಎಂದಷ್ಟೇ ಕೋಡ್ ಹೇಳುತ್ತದೆ, ಸೆನ್ಸರ್ ಕೆಟ್ಟಿದೆ ಎನ್ನುವುದಿಲ್ಲ. ಆಯಿಲ್ ಫಿಲ್ಟರ್ ಬಳಿಯ ಕನೆಕ್ಟರ್ ಬಿಚ್ಚಿ ಮಲ್ಟಿಮೀಟರ್ ಹಿಡಿದಾಗ ಸೆನ್ಸರ್ 810 ಓಮ್ ತೋರಿಸಿತು. ಅದು ಸರಿಯಾಗಿಯೇ ಇತ್ತು. ಅಲ್ಲಿಂದ ವೈರನ್ನು ಬೆರಳಲ್ಲಿ ಸವರುತ್ತಾ ಮೇಲಕ್ಕೆ ಹೋದಂತೆ, ಪ್ಲಾಸ್ಟಿಕ್ ಕೊಳವೆ ಒಂದೆಡೆ ಒರಟಾಗಿ ಕೈಗೆ ಸಿಕ್ಕಿತು. ಪಕ್ಕದಲ್ಲೇ ಇಲಿಯ ಹಿಕ್ಕೆಗಳಿದ್ದವು. ಕೊಳವೆ ಸೀಳಿ ನೋಡಿದರೆ ಎರಡು ಸಿಗ್ನಲ್ ವೈರುಗಳಲ್ಲಿ ಒಂದು ಪೂರ್ತಿ ತುಂಡಾಗಿ, ತಾಮ್ರದ ತುದಿಗಳು ಹಸಿರುಗಟ್ಟಿದ್ದವು.

ತುದಿಗಳನ್ನು ಕೆರೆದು ಬೆಸುಗೆ ಹಾಕಿ, ಬಿಸಿಗೆ ಕುಗ್ಗಿ ಬಿಗಿಯುವ ಹೀಟ್ ಶ್ರಿಂಕ್ ಕೊಳವೆ ತೊಡಿಸಿ, ವೈರುಗಳ ಮೇಲಿನ ಲೋಹದ ಜಾಲರಿಯನ್ನು ಮೊದಲಿದ್ದಂತೆಯೇ ಸುತ್ತಿದೆ. ಮತ್ತೆ ಸೆಲ್ಫ್ ಹೊಡೆದಾಗ ಪರದೆಯ ಮೇಲೆ 230ರ ಆಸುಪಾಸಿನ ಅಂಕಿ ಮೂಡಿತು, ಮರುಕ್ಷಣವೇ ಎಂಜಿನ್ ಹತ್ತಿಕೊಂಡಿತು. ಕೋಡ್ ಅಳಿಸಿ, ಎಂಜಿನ್ ಪೂರ್ತಿ ಬಿಸಿಯಾಗುವವರೆಗೂ ಓಡಿಸಿ ಇನ್ನೊಮ್ಮೆ ಸ್ಕ್ಯಾನ್ ಮಾಡಿದೆ. ಯಾವ ಕೋಡೂ ಮರಳಿರಲಿಲ್ಲ.